ಹೊಳೆ ಮುಟ್ಟದ ನೀರು

ಆಷಾಢದ ಮಳೆ ಬಿರುಸಾಗಿ ಹಿಡಿದಾಗ ಉಪ್ಪಿನಂಗಡಿಯ ಸಹಸ್ರಲಿಂಗೇಶ್ವರ ದೇವಸ್ಥಾನದ ಬಳಿ ಜನ ಸೇರುವುದುಂಟು. ಒಂದು ಕಡೆಯಿಂದ ನೇತ್ರಾವತಿ, ಇನ್ನೊಂದು ಕಡೆಯಿಂದ ಕುಮಾರಧಾರಾ. ಎರಡೂ ದಡ ಮೀರಿ ಏರಿ ದೇವಸ್ಥಾನದ ಮುಂದೆಯೇ ಒಂದಾದರೆ ಅದನ್ನು ‘ಸಂಗಮ’ವೆಂದು ಕರೆದು ಪೂಜೆ ಸಲ್ಲಿಸುತ್ತಾರೆ. ಆ ಹೊತ್ತಿನ ನೀರಿನ ಬಣ್ಣವನ್ನು ಕಂಡವರು ಮರೆಯಲಾರರು. ಅದು ನೀರಿನ ಬಣ್ಣವಲ್ಲ, ಮಣ್ಣಿನ ಬಣ್ಣ. ಕುಮಾರಪರ್ವತದ ಇಳಿಜಾರಿನದು, ಕಡಬದ ತೋಟಗಳದು, ಗುಡ್ಡ ಕಡಿದು ಮಾಡಿದ ರಸ್ತೆಗಳ ಅಂಚಿನದು. ಎಲ್ಲ ಕಡೆಯ ಮಣ್ಣೂ ಅದರಲ್ಲಿ ಬೆರೆತಿರುತ್ತದೆ. ಸುಳ್ಯದ ಪಯಸ್ವಿನಿಯೂ ತನ್ನ ಪಾಲಿನ ಮಣ್ಣನ್ನು ಹೊತ್ತು, ಚಂದ್ರಗಿರಿ ಹೊಳೆಯಾಗಿ ಕಾಸರಗೋಡಿನ ಬಳಿ ಕಡಲನ್ನು ಸೇರುತ್ತದೆ.

ಕಡಲನ್ನು ಸೇರಿದ ಈ ಮಣ್ಣು ಅಲ್ಲಿ ಏನು ಮಾಡುತ್ತದೆ? ಹೊಳೆಯ ದಡದಲ್ಲಿ ನಿಂತವರಿಗೆ ಈ ಪ್ರಶ್ನೆ ಹೊಳೆಯುವುದು ಅಪರೂಪ. ನನಗೆ ಅದು ಹೊಳೆದದ್ದು ಹೊಳೆಯಿಂದ ಬಹುದೂರದಲ್ಲಿ, ನಡುಗಡಲಿನಲ್ಲಿ. ಅದೂ ಒಬ್ಬ ವಿದ್ಯಾರ್ಥಿನಿಯ ಬಾಯಿಂದ.

ಒಂದು ಡಿಸೆಂಬರಿನಲ್ಲಿ ಪುತ್ತೂರು, ಸುಳ್ಯ, ಕಡಬಗಳ ಹನ್ನೆರಡು ಮಂದಿ ವಿದ್ಯಾರ್ಥಿಗಳೊಡನೆ ನಾನು ನೇತ್ರಾಣಿ ದ್ವೀಪಕ್ಕೆ ಹೋಗಿದ್ದೆ. ಉತ್ತರ ಕನ್ನಡ ಜಿಲ್ಲೆಯ ಮುರ್ಡೇಶ್ವರದಿಂದ ಪಡುವಣಕ್ಕೆ ಸುಮಾರು 19 ಕಿಲೋಮೀಟರು ದೂರದ ಕಡಲಿನಲ್ಲಿ ಎದ್ದುನಿಂತ ಗುಡ್ಡ ಅದು. ಪಾರಿವಾಳಗಳ ದ್ವೀಪವೆಂಬ ಹೆಸರೂ ಅದಕ್ಕುಂಟು. ಬಿಳಿಹೊಟ್ಟೆಯ ಕಡಲ ಹದ್ದುಗಳು ಅಲ್ಲಿ ಗೂಡು ಕಟ್ಟುತ್ತವೆ. ಅದರ ಸುತ್ತಣ ನೀರಿನಲ್ಲಿ ಹವಳಗಳು ಬೆಳೆದಿವೆ. ಮುಖಕ್ಕೆ ಗಾಜಿನ ಮುಸುಕು ಕಟ್ಟಿ, ಬಾಯಿಗೆ ಕೊಳವೆ ಇಟ್ಟುಕೊಂಡು, ನೀರಿನ ಮೇಲೆ ಬೋರಲಾಗಿ ತೇಲುತ್ತ ಅವನ್ನು ನೋಡಬಹುದು. ನಮ್ಮ ತಂಡದಲ್ಲಿ ಎಲ್ಲರೂ ಹೊಳೆಯಲ್ಲಿ ಈಜು ಕಲಿತವರು. ಕಡಲಿನೊಳಗೆ ಕಣ್ಣು ತೆರೆದವರು ಒಬ್ಬರೂ ಇರಲಿಲ್ಲ.

ಕಟ್ಟಿದ ಮರವೇ ಕಟ್ಟುಮರ

ನಮ್ಮನ್ನು ದ್ವೀಪಕ್ಕೆ ಒಯ್ದದ್ದು ಯಂತ್ರದ ದೋಣಿ. ಅದನ್ನು ಕಂಡು ಸುಳ್ಯದ ಹುಡುಗನೊಬ್ಬನಿಗೆ ನಿರಾಶೆಯಾಯಿತು. ಉಷ್ಣವಲಯದ ಕಡಲುಗಳಲ್ಲಿ ಹವಳ ನೋಡಲು ಹೋಗುವವರು ಬಿಳಿಯ ಹಾಯಿಯ ‘ಕ್ಯಾಟಮರಾನ್’ ಏರಿ ಹೋಗುವ ಚಿತ್ರಗಳನ್ನು ಆತ ನೋಡಿದ್ದ. ಎರಡು ಒಡಲುಗಳನ್ನು ಅಡ್ಡತೊಲೆಗಳಿಂದ ಜೋಡಿಸಿದ ದೋಣಿ ಅದು. “ಅದು ಯಾವ ದೇಶದ ಮಾತು, ಸಾರ್?” ಎಂದು ಕೇಳಿದ.

ನಮ್ಮ ನೆರೆಯ ಮಾತೇ. ತಮಿಳಿನ ‘ಕಟ್ಟುಮರಂ’ ಎಂಬುದನ್ನು ಪರದೇಶದ ನಾವಿಕರು ತಮ್ಮ ನಾಲಗೆಗೆ ಹೊಂದಿಸಿಕೊಂಡದ್ದು ಹಾಗಾಯಿತು. ಕನ್ನಡಿಗರಿಗೂ ಆ ಮಾತು ತಾನೇ ತಿಳಿಯುತ್ತದೆ: ಕಟ್ಟಿದ ಮರ, ಕಟ್ಟುಮರ. ಹಗುರಾದ ಕೆಲವು ದಿಮ್ಮಿಗಳನ್ನು ಹಗ್ಗದಿಂದ ಬಿಗಿದರೆ ಮುಗಿಯಿತು. ಪುತ್ತೂರಿನ ಹುಡುಗರು ಬಾಳೆದಿಂಡುಗಳನ್ನು ಕಟ್ಟಿ ಕೆರೆಯಲ್ಲಿ ಬಿಡುವ ತೆಪ್ಪವೂ ಅದರ ತಮ್ಮನೇ. ಕೋರಮಂಡಲ ತೀರದಲ್ಲಿ ಅಲೆಗಳು ದಡಕ್ಕೆ ಬಡಿದು ಮುರಿಯುತ್ತವೆ. ಒಳಗೆ ನೀರು ತುಂಬಿಕೊಳ್ಳುವ ದೋಣಿ ಅಲ್ಲಿ ಅಪಾಯ. ದಿಮ್ಮಿಗಳ ತೆಪ್ಪಕ್ಕೆ ‘ಒಳಗು’ ಎಂಬುದೇ ಇಲ್ಲ. ಮೇಲೆ ಬಿದ್ದ ನೀರು ಸಂದುಗಳಿಂದ ಸೋರಿಹೋಗುತ್ತದೆ. ಇಂಗ್ಲಿಷ್ ನಾವಿಕ ವಿಲಿಯಂ ಡ್ಯಾಂಪಿಯರ್ 1697ರಲ್ಲಿ ಪ್ರಕಟಿಸಿದ ತನ್ನ ಪ್ರವಾಸ ಗ್ರಂಥದಲ್ಲಿಯೇ ಈ ಕಟ್ಟುಮರಗಳ ಪ್ರಸ್ತಾಪ ಮಾಡಿದ್ದಾನೆ.

ಈಗ ಆ ಹೆಸರನ್ನು ಹೊತ್ತಿರುವ ಜೋಡು ಒಡಲಿನ ದೋಣಿ ಮಾತ್ರ ಮೂಲತಃ ಶಾಂತಸಾಗರದ ದ್ವೀಪವಾಸಿಗಳದು. ಹೆಸರು ನಮ್ಮ ಕಡೆಯದು, ರೂಪು ಅವರ ಕಡೆಯದು. ಅಮೆರಿಕದ ನಥಾನಿಯಲ್ ಹೆರೆಷಾಫ್ ಎಂಬ ದೋಣಿಶಿಲ್ಪಿ 1876ರಲ್ಲಿ ಅಂಥದೊಂದು ಹಾಯಿದೋಣಿ ಕಟ್ಟಿ, ನ್ಯೂಯಾರ್ಕಿನ ಪಂದ್ಯದಲ್ಲಿ ಒಂಟಿ ಒಡಲಿನ ದೋಣಿಗಳನ್ನು ಹಿಂದೆ ಹಾಕಿದ. ಅಂಥ ದೋಣಿಗಳಿಗೆ ಆಮೇಲೆ ಅಲ್ಲಿನ ಪಂದ್ಯಗಳಲ್ಲಿ ಪ್ರವೇಶವೇ ಇಲ್ಲವಾಯಿತು!

ಅದರ ವೇಗಕ್ಕೂ ಸ್ಥಿರತೆಗೂ ಕಾರಣವೇನು? ಕಾಲು ಜೋಡಿಸಿ ನಿಂತವನನ್ನು ಪಕ್ಕದಿಂದ ನೂಕಿದರೆ ಬೀಳುತ್ತಾನೆ. ಕಾಲು ಅಗಲಿಸಿ ನಿಂತವನು ಅಷ್ಟು ಸುಲಭವಾಗಿ ಬೀಳುವುದಿಲ್ಲ. ಜೋಡು ಒಡಲಿನ ದೋಣಿ ಕಾಲು ಅಗಲಿಸಿ ನಿಂತಿದೆ. ಗಾಳಿ ಹಾಯಿಯನ್ನು ಒತ್ತಿದಾಗ ಒಂದು ಒಡಲು ನೀರಿಗೆ ಹೆಚ್ಚು ಇಳಿಯುತ್ತದೆ. ಅದನ್ನು ಮೇಲೆತ್ತುವ ನೀರಿನ ಬಲವೂ ಹೆಚ್ಚುತ್ತದೆ. ಆ ಬಲ ದೋಣಿಯ ನಡುವಿನಿಂದ ದೂರದಲ್ಲಿ ಕೆಲಸ ಮಾಡುವುದರಿಂದ, ಉದ್ದವಾದ ಸನ್ನೆಗೋಲಿನಂತೆ ದೋಣಿಯನ್ನು ಹಿಂದಕ್ಕೆ ನೆಟ್ಟಗೆ ಮಾಡುತ್ತದೆ. ಸ್ಥಿರತೆಯ ಹೊಣೆಯನ್ನು ಈ ಅಗಲವೇ ಹೊತ್ತ ಮೇಲೆ ಒಡಲುಗಳನ್ನು ಕತ್ತಿಯ ಅಲಗಿನಂತೆ ಕಿರಿದಾಗಿ ಮಾಡಬಹುದು. ಕಿರಿದಾದ ಒಡಲು ಎಬ್ಬಿಸುವ ಅಲೆ ಕಡಿಮೆ. ಅಲೆ ಎಬ್ಬಿಸುವುದಕ್ಕೆ ವ್ಯರ್ಥವಾಗುವ ಶಕ್ತಿಯೂ ಕಡಿಮೆ. ಒಂದು ಕೊರತೆಯೂ ಇದೆ. ಒಮ್ಮೆ ಮಗುಚಿ ಬಿದ್ದರೆ ಅದು ತಲೆಕೆಳಗಾಗಿಯೂ ಅಷ್ಟೇ ಸ್ಥಿರ!

ನಮ್ಮ ಕರಾವಳಿಯ ಹಾಯಿದೋಣಿಗಳಿಗೆ ಚಳಿಗಾಲದಲ್ಲಿ ಗಾಳಿಯೇ ವೇಳಾಪಟ್ಟಿಯಾಗಿತ್ತು. ನೆಲ ಬೇಗ ಕಾಯುತ್ತದೆ, ಬೇಗ ಆರುತ್ತದೆ. ನೀರು ಎರಡರಲ್ಲಿಯೂ ನಿಧಾನ. ರಾತ್ರಿ ನೆಲ ತಣ್ಣಗಾದಾಗ ಕಡಲಿನ ಮೇಲಿನ ಗಾಳಿ ಹೋಲಿಕೆಯಲ್ಲಿ ಬೆಚ್ಚಗಿದ್ದು ಮೇಲೇರುತ್ತದೆ. ಆ ತೆರವಿಗೆ ನೆಲದ ಕಡೆಯಿಂದ ಮೂಡುಗಾಳಿ ಬೀಸುತ್ತದೆ. ಮಧ್ಯಾಹ್ನ ನೆಲ ಕಾದಾಗ ಇದು ತಿರುಗಿ ಪಡುಗಾಳಿಯಾಗುತ್ತದೆ. ಬೆಳಗ್ಗೆ ಮೂಡುಗಾಳಿ ದೋಣಿಯನ್ನು ಕಡಲಿಗೆ ಕಳುಹುತ್ತದೆ. ಮಧ್ಯಾಹ್ನದ ಪಡುಗಾಳಿ ಮನೆಗೆ ಕರೆತರುತ್ತದೆ. ಯಂತ್ರದ ದೋಣಿಯಾದರೂ ನಾವೂ ಮುಂಜಾನೆಯೇ ಹೊರಟೆವು. ಆ ಹೊತ್ತಿನಲ್ಲಿ ಕಡಲಿನ ಮೈ ಬಲುಮಟ್ಟಿಗೆ ಶಾಂತವಾಗಿರುತ್ತದೆ.

ಮುಸುಕು ಮತ್ತು ಕೊಳವೆ

ಮುರ್ಡೇಶ್ವರದ ದಡ ಹಿಂದೆ ಸರಿಯಿತು. ಶಿವನ ಭಾರಿ ವಿಗ್ರಹ ಬೆರಳಿನಷ್ಟಾಯಿತು. ಅಷ್ಟರಲ್ಲಿ ಕಡಬದ ವಿದ್ಯಾರ್ಥಿನಿಯೊಬ್ಬಳು ನೀರಿನತ್ತ ಕೈತೋರಿದಳು. ದಡದಲ್ಲಿ ಕಂದುಹಸುರಾಗಿದ್ದ ನೀರು ಅಚ್ಚ ಹಸುರಾಗಿ, ಹಸುರು ತೆಳುವಾಗಿ, ಈಗ ನೀಲಿಯತ್ತ ತಿರುಗಿತ್ತು. ನೀರು ಬಿಸಿಲಿನ ಕೆಂಪು ಕಿರಣಗಳನ್ನು ಬೇಗ ಹೀರಿಕೊಳ್ಳುತ್ತದೆ. ನೀಲಿ ಕಿರಣಗಳು ಆಳಕ್ಕೆ ಇಳಿದು, ಚದರಿ, ನಮ್ಮ ಕಣ್ಣಿಗೆ ಹಿಂದಿರುಗುತ್ತವೆ. ಮಣ್ಣಾಗಲಿ, ಸೂಕ್ಷ್ಮಜೀವಿಗಳಾಗಲಿ ತುಂಬಿದ್ದ ಕಡೆ ನೀರಿನ ಈ ಸಹಜವಾದ ನೀಲಿ ಕಾಣಿಸದು. ನೀಲಿ ನೀರೆಂದರೆ ಬರಿದಾದ ನೀರು. ಈ ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ದ್ವೀಪದ ಮರೆಯಲ್ಲಿ ಲಂಗರು ಹಾಕಿದ ಮೇಲೆ ಒಬ್ಬೊಬ್ಬರಾಗಿ ತೇಲುಕವಚ ತೊಟ್ಟು ನೀರಿಗೆ ಇಳಿದೆವು. ಮುಸುಕಿಲ್ಲದೆ ನೀರಿನೊಳಗೆ ಕಣ್ಣು ತೆರೆದರೆ ಎಲ್ಲವೂ ಮಸುಕು. ಏಕೆ? ನಮ್ಮ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವು ಗಾಳಿಯಿಂದ ಬರುವ ಬೆಳಕನ್ನು ಬಗ್ಗಿಸಿ ಒಳಗಣ ಪರದೆಯ ಮೇಲೆ ಕೂಡಿಸುವಂತೆ ರೂಪುಗೊಂಡಿದೆ. ಗಾಳಿಯ ವಕ್ರೀಭವನ ಸೂಚ್ಯಂಕ 1.00, ಈ ಪಟಲದ್ದು ಸುಮಾರು 1.38, ನೀರಿನದು 1.33. ನೀರಿಗೂ ಪಟಲಕ್ಕೂ ಇರುವ ಅಂತರ ಬಹಳ ಕಡಿಮೆಯಾದ್ದರಿಂದ ಬೆಳಕು ಬಗ್ಗುವುದೇ ಇಲ್ಲವೆನ್ನಬೇಕು. ಮುಸುಕು ಮಾಡುವ ಕೆಲಸ ಇಷ್ಟೆ: ಕಣ್ಣಿನ ಮುಂದೆ ಒಂದಿಷ್ಟು ಗಾಳಿಯನ್ನು ಹಿಡಿದು ನಿಲ್ಲಿಸುವುದು. ಅದಕ್ಕೆ ಬೆಲೆಯಾಗಿ ಒಂದು ಭ್ರಮೆಯನ್ನೂ ಕೊಡುತ್ತದೆ. ವಸ್ತುಗಳು ನಿಜಕ್ಕಿಂತ ಕಾಲುಭಾಗ ಹತ್ತಿರವಾಗಿಯೂ ಮೂರನೆಯ ಒಂದು ಪಾಲು ದೊಡ್ಡದಾಗಿಯೂ ಕಾಣುತ್ತವೆ. ಮುಟ್ಟಲು ಹೋದರೆ ಮೀನು ಕೈಗೆ ಎಟುಕದು. ದಡಕ್ಕೆ ಬಂದು ಹೇಳುವ ಕಥೆಯಲ್ಲಿ ಮಾತ್ರ ದೊಡ್ಡದಾಗಿಯೇ ಉಳಿಯುತ್ತದೆ!

ಇನ್ನು ಕೊಳವೆ. ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನನಿಗೆ ಜಲಸ್ತಂಭನ ವಿದ್ಯೆಯಿತ್ತು. ನಮಗೆ ಅಂಥ ವಿದ್ಯೆ ಇಲ್ಲದ್ದರಿಂದ ಕೊಳವೆ ಬೇಕು. ಟೊಳ್ಳಾದ ಪಪ್ಪಾಯಿ ದಂಟನ್ನು ಬಾಯಿಗಿಟ್ಟು ಕೆರೆಯಲ್ಲಿ ಮುಳುಗಿ ನೋಡಿದವರಿಗೆ ಅದರ ತತ್ತ್ವ ಗೊತ್ತೇ ಇದೆ. ಹಾಗಾದರೆ ಎರಡು ಮೀಟರು ಉದ್ದದ ಕೊಳವೆ ಇಟ್ಟುಕೊಂಡು ತಳದಲ್ಲಿಯೇ ಏಕೆ ನಡೆಯಬಾರದು? ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಮೀಟರು ಆಳದಲ್ಲಿ ನೀರು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 100 ಗ್ರಾಂ ಭಾರದಷ್ಟು ಒತ್ತುತ್ತದೆ. ಎದೆಯ ಅಗಲ, ಎತ್ತರ 30 ಸೆಂಟಿಮೀಟರೆಂದರೆ 900 ಚದರ ಸೆಂಟಿಮೀಟರು. ಒಟ್ಟು ಭಾರ 90 ಕಿಲೋ. ಶ್ವಾಸಕೋಶದೊಳಗಿನ ಗಾಳಿಗೆ ಕೊಳವೆಯ ಮೂಲಕ ಮೇಲಿನ ವಾಯುಮಂಡಲದ ಒತ್ತಡವಷ್ಟೆ ಸಿಗುತ್ತದೆ. ಹೀಗಿರುವಾಗ ಪ್ರತಿ ಉಸಿರಿಗೂ ಈ 90 ಕಿಲೋ ಭಾರವನ್ನು ಎದೆಯೇ ಎತ್ತಬೇಕು. ಎರಡನೆಯ ತೊಂದರೆ ಇನ್ನೊಂದು ಬಗೆಯದು. ನಾವು ಒಂದು ಸಲ ಒಳಗೆಳೆಯುವುದು ಸುಮಾರು ಅರ್ಧ ಲೀಟರು ಗಾಳಿ. ಎರಡು ಸೆಂಟಿಮೀಟರು ವ್ಯಾಸದ, ಎರಡು ಮೀಟರು ಉದ್ದದ ಕೊಳವೆಯೊಳಗೆ ಅದಕ್ಕಿಂತ ಹೆಚ್ಚು ಗಾಳಿ ಹಿಡಿಯುತ್ತದೆ. ನಾವು ಬಿಟ್ಟ ಉಸಿರು ಕೊಳವೆಯನ್ನು ದಾಟುವ ಮೊದಲೇ ಅದನ್ನೇ ಮತ್ತೆ ಎಳೆದುಕೊಳ್ಳುತ್ತೇವೆ. ಆದ್ದರಿಂದಲೇ ಕೊಳವೆ ಗಿಡ್ಡ. ಅದನ್ನು ಇಟ್ಟುಕೊಂಡವನು ನೀರಿನ ಮೇಲ್ಮೈಯ ಪ್ರವಾಸಿಯೇ ಹೊರತು ಆಳದ ನಿವಾಸಿಯಲ್ಲ.

ಸುಣ್ಣ ಕಟ್ಟುವ ಜೀವ

ಮುಸುಕಿನೊಳಗಿಂದ ಕಂಡದ್ದೇನು? ಮೊದಲು ಬಂಡೆಗಳು, ಅವುಗಳ ಮೇಲೆ ಅಲ್ಲಲ್ಲಿ ಗುಂಡಾಗಿ ಉಬ್ಬಿದ, ಕೆಲವೆಡೆ ತೊಗಟೆಯಂತೆ ಹರಡಿದ, ಕಂದು ಹಳದಿ ಬಣ್ಣದ ದಿಬ್ಬಗಳು. ನಡುವೆ ಪಟ್ಟೆಪಟ್ಟೆಯ ಚಿಟ್ಟೆಮೀನು, ಬಂಡೆಯನ್ನು ಕೊಕ್ಕಿನಿಂದ ಕೆರೆದು ತಿನ್ನುವ ಗಿಳಿಮೀನು. ಕಿವಿಗೆ ಮಾತ್ರ ತಮ್ಮ ಉಸಿರಿನ ಸದ್ದಲ್ಲದೆ ಬೇರೆ ಕೇಳಿಸುತ್ತಿರಲಿಲ್ಲವೆಂದು ಹುಡುಗರು ಆಮೇಲೆ ಹೇಳಿದರು. ಆ ಕಂದು ದಿಬ್ಬಗಳೇ ಹವಳವೆಂದು ಹೇಳಿದಾಗ ನಂಬದೆ ನಕ್ಕರು. ಹವಳವೆಂದರೆ ಕೆಂಪಗಿರಬೇಕು, ಉಂಗುರದಲ್ಲಿರಬೇಕು!

ಉಂಗುರದ ಕೆಂಪು ಹವಳ ಇವುಗಳ ದೂರದ ಬಂಧು. ಅದು ಬಹುಮಟ್ಟಿಗೆ ಮೆಡಿಟರೇನಿಯನ್ ಮೊದಲಾದ ಕಡಲುಗಳ ಮಬ್ಬು ಬೆಳಕಿನಲ್ಲಿ ಬೆಳೆಯುವಂಥದು. ದಿಬ್ಬ ಕಟ್ಟುವ ಹವಳಗಳ ಬಗೆ ಬೇರೆ. ‘ಹವಳದ ಹುಳು’ ಎಂಬ ಮಾತು ಬಳಕೆಯಲ್ಲಿದ್ದರೂ ಅದು ಹುಳುವಲ್ಲ. ಚಿಕ್ಕದೊಂದು ಚೀಲ, ಅದಕ್ಕೆ ಒಂದೇ ಬಾಯಿ, ಬಾಯಿಯ ಸುತ್ತ ಬೆರಳಿನಂಥ ಎಳೆಗಳು, ಅದೇ ಹವಳಜೀವಿ. ಸಾವಿರಾರು ಜೀವಿಗಳು ಒಂದಕ್ಕೊಂದು ಅಂಟಿಕೊಂಡು ಬಾಳುತ್ತವೆ. ಪ್ರತಿಯೊಂದೂ ತನ್ನ ಬುಡದಲ್ಲಿ ಸುಣ್ಣಕಲ್ಲಿನ ಬಟ್ಟಲನ್ನು ಕಟ್ಟುತ್ತದೆ. ನೀರಿನಲ್ಲಿ ಕರಗಿದ ಸುಣ್ಣದ ಅಂಶವನ್ನು ತೆಗೆದು ಕಲ್ಲು ಮಾಡುವ ಈ ಕೆಲಸ ಬಹಳ ನಿಧಾನ. ಗುಂಡುಕಲ್ಲಿನಂತೆ ಬೆಳೆಯುವ ಹವಳ ವರ್ಷಕ್ಕೆ ಹೆಚ್ಚುಕಡಮೆ ಒಂದು ಸೆಂಟಿಮೀಟರು ಬೆಳೆದರೆ ದೊಡ್ಡದು. ಒಂದು ಮೀಟರು ಅಗಲದ ದಿಬ್ಬವೆಂದರೆ ನಡುವಿನಿಂದ ಅಂಚಿಗೆ ಅರ್ಧ ಮೀಟರು. ಎಂದರೆ ಐವತ್ತು ವರ್ಷಗಳ ಬೆಳೆ.

ಈ ಸುಣ್ಣ ನಮ್ಮ ಊರಿನವರಿಗೆ ಅಪರಿಚಿತವಲ್ಲ. ವೀಳ್ಯದೆಲೆಗೆ ಹಚ್ಚುವುದು ಸುಣ್ಣವನ್ನೇ. ಮಳೆಗಾಲದಲ್ಲಿ ಅಡಿಕೆಗೆ ‘ಮದ್ದು ಬಿಡುವಾಗ’ ಮೈಲುತುತ್ತಿನೊಡನೆ ಬೆರೆಸುವುದೂ ಸುಣ್ಣವನ್ನೇ. ಚಿಪ್ಪನ್ನು ಸುಟ್ಟು ಆ ಸುಣ್ಣ ತೆಗೆಯುತ್ತಾರಲ್ಲ; ಚಿಪ್ಪಿನ ಜೀವಿಯೂ ಹವಳಜೀವಿಯೂ ಕಡಲಿನಿಂದ ಪಡೆದು ಕಟ್ಟುವ ವಸ್ತು ಒಂದೇ.

ಆದರೆ ಇಷ್ಟೆಲ್ಲ ಕಟ್ಟುವುದಕ್ಕೆ ಶಕ್ತಿ ಎಲ್ಲಿಂದ? ಎಳೆಗಳನ್ನು ಚಾಚಿ ಸೂಕ್ಷ್ಮಜೀವಿಗಳನ್ನು ಹಿಡಿದು ತಿಂದದ್ದು ಮಾತ್ರ ಸಾಲದು. ಹವಳಜೀವಿಯ ಮೈಯ ಜೀವಕೋಶಗಳೊಳಗೇ ಏಕಕೋಶದ ಪಾಚಿಗಳು ನೆಲಸಿವೆ. ಅವು ಬಿಸಿಲನ್ನು ಹಿಡಿದು ಸಕ್ಕರೆಯನ್ನು ತಯಾರಿಸಿ, ಅದರಲ್ಲಿ ಬಹುಪಾಲನ್ನು ಮನೆಯೊಡೆಯನಿಗೆ ಕೊಡುತ್ತವೆ. ಮನೆಯೊಡೆಯ ತಾನು ಬಿಟ್ಟ ಇಂಗಾಲಾಮ್ಲ ಅನಿಲವನ್ನೂ ಸಾರಜನಕದ ಕಸವನ್ನೂ ಅವುಗಳಿಗೆ ಗೊಬ್ಬರವಾಗಿ ಕೊಡುತ್ತಾನೆ. ಹಟ್ಟಿಯ ಗೊಬ್ಬರ ತೋಟಕ್ಕೆ, ತೋಟದ ಹುಲ್ಲು ಹಟ್ಟಿಗೆ ಎನ್ನುವ ರೈತನ ಲೆಕ್ಕವೇ ಇಲ್ಲಿಯೂ ನಡೆಯುತ್ತದೆ. ಹೊರಗೆ ಹೋಗುವುದು ಬಲು ಕಡಿಮೆ. ಹವಳದ ಕಂದು, ಹಳದಿ ಬಣ್ಣಗಳೂ ಬಹಳಮಟ್ಟಿಗೆ ಈ ಪಾಚಿಯ ಕೊಡುಗೆ.

“ನಮ್ಮ ಕಡಲಲ್ಲಿ ಏಕಿಲ್ಲ?”

ದೋಣಿಗೆ ಮರಳಿ ಬಂದು ಬಟ್ಟೆ ಹಿಂಡುತ್ತಿದ್ದಾಗ ಕಡಬದ ಆ ವಿದ್ಯಾರ್ಥಿನಿ ಕೇಳಿದಳು: “ಮಂಗಳೂರು ಕಡಲೂ ಇಷ್ಟೇ ಬೆಚ್ಚಗಿದೆಯಲ್ಲ, ಸಾರ್. ಅಲ್ಲಿ ಹವಳದ ದಿಬ್ಬ ಏಕಿಲ್ಲ?”

ಉತ್ತರ ಅವಳ ಊರಿನಿಂದಲೇ ಹರಿದುಬರುತ್ತದೆ. ಪಾಚಿಗೆ ಬೆಳಕು ಬೇಕು. ಜೂನಿನಿಂದ ಸೆಪ್ಟೆಂಬರಿನವರೆಗೆ ಘಟ್ಟದ ಹೊಳೆಗಳು ತರುವ ಮಣ್ಣು ದಡದ ನೀರಿನಲ್ಲಿ ಬೆರೆತು ಬೆಳಕನ್ನು ತಡೆಯುತ್ತದೆ. ಅದೇ ಮಣ್ಣು ಕೆಳಗಿಳಿದು ಹವಳಜೀವಿಯ ಬಾಯಿಯನ್ನು ಮುಚ್ಚುತ್ತದೆ. ಹವಳಕ್ಕೆ ಉಪ್ಪುನೀರು ಬೇಕು. ನೆರೆಯ ಸಿಹಿನೀರು ಅದನ್ನು ತೆಳುವಾಗಿಸುತ್ತದೆ. ಎಳೆಯ ಹವಳಕ್ಕೆ ಅಂಟಿಕೊಳ್ಳಲು ಗಟ್ಟಿ ಬಂಡೆ ಬೇಕು. ನಮ್ಮ ಕಡಲತಳದ ಬಹುಭಾಗ ಕೆಸರು, ಮರಳು. ಸಾಲದುದಕ್ಕೆ, ಮಳೆಗಾಲದ ಗಾಳಿ ಮತ್ತು ಪ್ರವಾಹಗಳ ಫಲವಾಗಿ ಆಳದ ತಣ್ಣೀರು ಈ ತೀರದಲ್ಲಿ ಮೇಲೇಳುತ್ತದೆ. ದಿಬ್ಬ ಕಟ್ಟುವ ಹವಳ ತಂಪನ್ನು ಒಲ್ಲದು.

ಹಾಗಾದರೆ ಹೊಳೆಗಳು ನಮ್ಮ ಕಡಲನ್ನು ಕೆಡಿಸಿದವೇ? ಹಾಗೆನ್ನುವುದು ತಪ್ಪು. ಹೊಳೆ ತರುವ ಪೋಷಕಾಂಶ, ಆಳದಿಂದ ಮೇಲೇಳುವ ಪೋಷಕಾಂಶ, ಇವೆರಡರಿಂದ ಸೂಕ್ಷ್ಮಸಸ್ಯಗಳು ನಮ್ಮ ಕಡಲಿನಲ್ಲಿ ಹುಲುಸಾಗಿ ಬೆಳೆಯುತ್ತವೆ. ಅವನ್ನು ನೆಚ್ಚಿ ಬೂತಾಯಿ, ಬಂಗುಡೆಗಳ ಹಿಂಡುಗಳು ಬಾಳುತ್ತವೆ. ಪುತ್ತೂರಿನ ಸಂತೆಗೆ ಬರುವ ಮೀನಿನ ಬುಟ್ಟಿಯ ಹಿಂದೆ ಆ ಕದಡಿದ ನೀರಿನ ಉಪಕಾರವಿದೆ. ಈಗ ಹಿಂದೆ ಹೇಳಿದ ಮಾತನ್ನು ನೆನೆಯಿರಿ: ನೀಲಿ ನೀರೆಂದರೆ ಬರಿದಾದ ನೀರು. ಹವಳದ ದಿಬ್ಬ ಬಡವರ ನೀರಿನಲ್ಲಿ ಕಟ್ಟಿದ ಪಟ್ಟಣ. ಏನನ್ನೂ ಪೋಲು ಮಾಡದೆ, ಬಿಸಿಲನ್ನೇ ಬಂಡವಾಳ ಮಾಡಿಕೊಂಡು ಅದು ನಿಂತಿದೆ. ಸಂಪತ್ತು ಹೆಚ್ಚಿದ ನೀರಿನಲ್ಲಿ ಅದಕ್ಕೆ ಬಾಳಲು ತಿಳಿಯದು.

ನೇತ್ರಾಣಿ ಈ ಎರಡು ಬಗೆಯ ಕಡಲುಗಳ ನಡುವೆ ನಿಂತಿದೆ. ಶರಾವತಿ ಮೊದಲಾದ ಹೊಳೆಗಳ ಮಣ್ಣಿನಿಂದ ಒಂದಿಷ್ಟು ದೂರ, ಅಂಟಿಕೊಳ್ಳಲು ಗಟ್ಟಿ ಬಂಡೆ. ಅಲ್ಲಿನ ಹವಳ ದ್ವೀಪವನ್ನು ಕಟ್ಟಿಲ್ಲ. ಇದ್ದ ಬಂಡೆಗೆ ಹೊದಿಕೆಯಾಗಿದೆ. ಹವಳವೇ ನೆಲವಾದ ದ್ವೀಪಗಳನ್ನು ನೋಡಬೇಕಾದರೆ ಇನ್ನೂ ದೂರ, ಯಾವ ಹೊಳೆಯೂ ಮುಟ್ಟದ ಕಡೆಗೆ ಹೋಗಬೇಕು.

ಒಮ್ಮೆ ನಮ್ಮ ಜಿಲ್ಲೆಯಾಗಿದ್ದ ಹವಳ

ಆ ದ್ವೀಪಗಳು ಒಂದು ಕಾಲದಲ್ಲಿ ಪುತ್ತೂರು ಇದ್ದ ಜಿಲ್ಲೆಯಲ್ಲಿಯೇ ಇದ್ದವೆಂದರೆ ಇಂದಿನ ವಿದ್ಯಾರ್ಥಿಗಳು ಬೆರಗಾಗಬಹುದು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ಎಂಬ ಅಮಿನ್‌ದೀವಿ ದ್ವೀಪಗಳು 1799ರಲ್ಲಿ ಟಿಪ್ಪು ಸುಲ್ತಾನನ ಪತನದೊಡನೆ ಇಂಗ್ಲಿಷರ ಕೈಸೇರಿ, ಕೆನರಾ ಆಡಳಿತಕ್ಕೆ ಒಳಪಟ್ಟವು. ಮುಂದೆ ಮದ್ರಾಸ್ ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ ಉಳಿದವು. 1956ರ ನವೆಂಬರ್ 1ರಂದು ಅವು ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದವು. ಇಂದು ಅದು ಲಕ್ಷದ್ವೀಪ. ಅಮಿನಿಗೂ ಮಂಗಳೂರಿಗೂ ನಡುವೆ ಸುಮಾರು 300 ಕಿಲೋಮೀಟರು ಕಡಲು. ಅದನ್ನು ದಾಟಿ ದ್ವೀಪದವರ ‘ಓಡಂ’ ಎಂಬ ಹಾಯಿದೋಣಿಗಳು ತೆಂಗಿನ ನಾರಿನ ಹುರಿಯನ್ನು ಮಂಗಳೂರಿಗೆ ತಂದು, ಅಕ್ಕಿಯನ್ನು ಒಯ್ಯುತ್ತಿದ್ದವು. ಹವಳದ ನೆಲದಲ್ಲಿ ಭತ್ತ ಬೆಳೆಯದು. ನಮ್ಮ ಕೆಮ್ಮಣ್ಣಿನ ಗದ್ದೆಯ ಬತ್ತ ಅವರಿಗೆ ಅನ್ನವಾಯಿತು.

ನಡುಗಡಲಿನ ಆಳದಲ್ಲಿ, ಬೆಳಕಿಲ್ಲದ ಕಡೆ ಹವಳ ಬುಡ ಊರುವುದಾದರೂ ಹೇಗೆ? ಇದಕ್ಕೆ ಉತ್ತರವನ್ನು ಚಾರ್ಲ್ಸ್ ಡಾರ್ವಿನ್ 1842ರಲ್ಲಿ ಪ್ರಕಟಿಸಿದ. ಮೊದಲು ಜ್ವಾಲಾಮುಖಿಯ ದ್ವೀಪವೊಂದರ ಅಂಚಿನಲ್ಲಿ, ಆಳವಿಲ್ಲದ ನೀರಿನಲ್ಲಿ ಹವಳ ಬೆಳೆಯುತ್ತದೆ. ದ್ವೀಪ ನಿಧಾನವಾಗಿ ಕುಸಿಯುತ್ತದೆ. ಹವಳವೋ ಬೆಳಕನ್ನು ಬಿಡಲೊಲ್ಲದೆ ಹಳೆಯ ಹವಳದ ಮೇಲೆ ಹೊಸದನ್ನು ಕಟ್ಟುತ್ತ ಮೇಲೇರುತ್ತದೆ. ಕಡೆಗೆ ಬೆಟ್ಟ ಮುಳುಗಿ ಮಾಯವಾಗುತ್ತದೆ. ಉಂಗುರದಂಥ ಹವಳದ ದಂಡೆಯೂ ಅದರ ನಡುವೆ ತಿಳಿಗೊಳವೂ ಉಳಿಯುತ್ತವೆ. ನೂರಹತ್ತು ವರ್ಷಗಳ ಮೇಲೆ, 1952ರಲ್ಲಿ, ಶಾಂತಸಾಗರದ ಎನಿವೆಟಾಕ್ ದ್ವೀಪದಲ್ಲಿ ಆಳವಾಗಿ ಕೊರೆದು ನೋಡಿದಾಗ 1,200 ಮೀಟರಿಗೂ ಹೆಚ್ಚು ದಪ್ಪದ ಸುಣ್ಣಕಲ್ಲಿನ ಕೆಳಗೆ ಜ್ವಾಲಾಮುಖಿಯ ಶಿಲೆ ಸಿಕ್ಕಿತು. ಡಾರ್ವಿನ್ನನ ಊಹೆ ಕಲ್ಲಿನಲ್ಲಿಯೇ ಬರೆದಂತಾಯಿತು.

ಬಿಳಿಚಿದ ತೋಟ

ಹೊಳೆ ಮುಟ್ಟದಿದ್ದರೂ ಈ ದ್ವೀಪಗಳನ್ನು ಬಿಸಿ ಮುಟ್ಟಿದೆ. ಬೇಸಗೆಯ ಎಂದಿನ ಗರಿಷ್ಠಕ್ಕಿಂತ ಕಡಲಿನ ಉಷ್ಣತೆ ಒಂದು ಡಿಗ್ರಿ ಸೆಂಟಿಗ್ರೇಡಿನಷ್ಟು ಏರಿ ಕೆಲವು ವಾರ ಹಾಗೆಯೇ ನಿಂತರೆ ಹವಳಕ್ಕೂ ಪಾಚಿಗೂ ಇರುವ ಒಪ್ಪಂದ ಮುರಿಯುತ್ತದೆ. ಬಿಸಿಯಿಂದ ಕೆಟ್ಟ ಪಾಚಿ ವಿಷಕರ ವಸ್ತುಗಳನ್ನು ಉಂಟುಮಾಡುತ್ತದೆ. ಹವಳಜೀವಿ ಅದನ್ನು ಹೊರದಬ್ಬುತ್ತದೆ. ಬಣ್ಣ ಹೋಗಿ, ತೆಳುವಾದ ಮೈಯ ಮೂಲಕ ಒಳಗಿನ ಸುಣ್ಣ ಬೆಳ್ಳಗೆ ಕಾಣುತ್ತದೆ. ಇದೇ ಹವಳದ ಬಿಳಿಚುವಿಕೆ. ಬಿಳಿಚಿದ ಹವಳ ಆಗಲೇ ಸತ್ತಿಲ್ಲ, ಹಸಿದಿದೆ. ನೀರು ಬೇಗ ತಣಿದರೆ ಪಾಚಿ ಮರಳಿ ನೆಲಸಬಹುದು. ತಣಿಯದಿದ್ದರೆ ಸಾವು.

ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಇದು ನಡೆಯಿತು. ಮೈಸೂರಿನಲ್ಲಿ ನೆಲೆಯುಳ್ಳ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯ ವಿಜ್ಞಾನಿಗಳು ಅಗತ್ತಿ, ಕಡಮತ್, ಕವರತ್ತಿ ದ್ವೀಪಗಳ ದಿಬ್ಬಗಳನ್ನು 1998ರಿಂದ ಅಳೆಯುತ್ತ ಬಂದಿದ್ದಾರೆ. ಮೊದಲಿಗೆ ಅಲ್ಲಿ ಜೀವಂತ ಹವಳ ಹೊದ್ದ ಭಾಗ ಶೇಕಡ 37ರಷ್ಟಿತ್ತು. 2022ರ ಹೊತ್ತಿಗೆ ಅದು ಶೇಕಡ 20ರ ಸನಿಹಕ್ಕೆ ಇಳಿದಿತ್ತು. ಒಂದು ಬಿಸಿಗೂ ಮುಂದಿನ ಬಿಸಿಗೂ ನಡುವೆ ಸಾಕಷ್ಟು ವರ್ಷಗಳ ಬಿಡುವು ದೊರೆತರೆ ಹವಳ ಚೇತರಿಸಿಕೊಳ್ಳುತ್ತದೆ. ಆ ಬಿಡುವೇ ಈಗ ಕಿರಿದಾಗುತ್ತಿದೆ.

ಇದು ಮೀನು ನೋಡಲು ಹೋಗುವವರ ನಷ್ಟ ಮಾತ್ರವಲ್ಲ. ಆ ದ್ವೀಪಗಳು ಕಡಲಮಟ್ಟದಿಂದ ಕೆಲವೇ ಮೀಟರು ಎತ್ತರದಲ್ಲಿವೆ. ತೆರೆಗಳ ಹೊಡೆತವನ್ನು ಮೊದಲು ತಡೆಯುವುದು ಹೊರಗಿನ ಹವಳದ ದಂಡೆ. ಜೀವವಿರುವ ದಂಡೆ ಸವೆದಷ್ಟನ್ನೂ ಮತ್ತೆ ಕಟ್ಟುತ್ತದೆ. ಜೀವವಿಲ್ಲದ ದಂಡೆ ಸವೆಯುತ್ತಲೇ ಹೋಗುತ್ತದೆ. ಬಾವಿಯ ಸಿಹಿನೀರು, ತೆಂಗಿನ ಮರ, ಮನೆ, ಮಸೀದಿ ಎಲ್ಲವೂ ನಿಂತಿರುವುದು ಆ ಸಣ್ಣ ಜೀವಿಯ ದುಡಿಮೆಯ ಮೇಲೆ.

ಒಂದು ಚೂರು ಕಲ್ಲು

ಹಿಂದಿರುಗುವಾಗ ಪಡುಗಾಳಿ ಎದ್ದಿತ್ತು. ಸುಳ್ಯದ ಹುಡುಗ ಮೆಲ್ಲನೆ ಕೈ ಬಿಚ್ಚಿ ನನಗೊಂದು ಬಿಳಿಯ ಕಲ್ಲನ್ನು ತೋರಿಸಿದ. ಬಂಡೆಯ ಸಂದಿನಲ್ಲಿ ಬಿದ್ದಿದ್ದ ಹವಳದ ಚೂರು. ಅದರ ಮೈತುಂಬ ಹೂವಿನಂಥ ಬಟ್ಟಲುಗಳು. ಮುರಿದದ್ದಲ್ಲವೆಂದು ಆಣೆಯಿಟ್ಟ. ದಿಬ್ಬ ಕಟ್ಟುವ ಎಲ್ಲ ಹವಳಗಳನ್ನೂ 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಗಿದೆ. ಎಂದರೆ, ಹುಲಿಗೆ ದೊರೆಯುವ ರಕ್ಷಣೆ ಹವಳಕ್ಕೂ ಉಂಟು; ಸತ್ತ ಚೂರನ್ನೂ ಮನೆಗೆ ಒಯ್ಯುವಂತಿಲ್ಲ. ಹೇಳಿದೆ. ಒಂದು ಗಳಿಗೆ ನೋಡಿ, ಬೆರಳಿನಿಂದ ಬಟ್ಟಲುಗಳನ್ನು ಎಣಿಸಲು ಯತ್ನಿಸಿ, ಕಡೆಗೆ ಕೈ ಚಾಚಿ ನೀರಿಗೆ ಬಿಟ್ಟ. ಅದು ಬಹಳ ಹೊತ್ತು ಕಾಣುತ್ತ ಇಳಿಯಿತು. ಅಲ್ಲಿನ ನೀರು ಅಷ್ಟು ತಿಳಿ.

ಓದುಗರಿಗೆ ಒಂದು ಪ್ರಯೋಗವನ್ನು ಹೇಳಿ ಮುಗಿಸುತ್ತೇನೆ. ಇದನ್ನು ಮಾಡಲು ದೋಣಿ ಬೇಡ, ಮುಸುಕು ಬೇಡ. ಮುಂದಿನ ಮಳೆಗಾಲದಲ್ಲಿ ಕುಮಾರಧಾರೆಯಿಂದಲೋ ಪಯಸ್ವಿನಿಯಿಂದಲೋ, ಹಿರಿಯರೊಡನೆ ಹೋಗಿ ಸುರಕ್ಷಿತವಾದ ಕಡೆಯಿಂದ, ಎರಡು ಲೀಟರು ಕೆನ್ನೀರನ್ನು ತನ್ನಿ. ಒಂದೇ ಬಗೆಯ ಎರಡು ಗಾಜಿನ ಪಾತ್ರೆಗಳಿಗೆ ಸಮನಾಗಿ ಹೊಯ್ಯಿರಿ. ಒಂದಕ್ಕೆ 35 ಗ್ರಾಂ ಉಪ್ಪು ಹಾಕಿ ಕಲಕಿ. ಇನ್ನೊಂದನ್ನು ಬರಿದೆ ಕಲಕಿ. ಎರಡನ್ನೂ ಅಲುಗಿಸದೆ ಇಟ್ಟು, ಗಳಿಗೆಗೊಮ್ಮೆ ನೋಡಿ. ಉಪ್ಪು ಹಾಕಿದ ನೀರು ಮೊದಲು ತಿಳಿಯಾಗುತ್ತದೆ. ಜೇಡಿಯ ಸೂಕ್ಷ್ಮಕಣಗಳ ಮೈಮೇಲೆ ಒಂದೇ ಬಗೆಯ ವಿದ್ಯುದಂಶವಿದ್ದು, ಅವು ಒಂದನ್ನೊಂದು ದೂಡುತ್ತ ನೀರಿನಲ್ಲಿ ತೇಲುತ್ತಿರುತ್ತವೆ. ಉಪ್ಪು ಆ ದೂಡುವ ಬಲವನ್ನು ಕುಗ್ಗಿಸುತ್ತದೆ; ಕಣಗಳು ಒಂದಕ್ಕೊಂದು ಅಂಟಿ, ಭಾರವಾಗಿ, ತಳ ಸೇರುತ್ತವೆ. ಹೊಳೆ ಕಡಲನ್ನು ಕೂಡುವಲ್ಲಿ ನಡೆಯುವುದೂ ಇದೇ. ನಮ್ಮ ಮಣ್ಣಿನ ಬಹುಪಾಲು ಅಳಿವೆಯಲ್ಲಿಯೂ ದಡದ ಸನಿಹದಲ್ಲಿಯೂ ಕುಳಿತುಬಿಡುವುದರಿಂದಲೇ ದೂರದ ನೀರು ತಿಳಿಯಾಗಿ ಉಳಿದಿದೆ.

ಪಾತ್ರೆಯ ತಳದಲ್ಲಿ ಉಳಿದ ಮಣ್ಣನ್ನು ಒಣಗಿಸಿ ತೂಗಿ, ಕಾಗದದ ಮೇಲೆ ಬರೆದಿಡಿ. ಮರುವರ್ಷ ಅದೇ ತಿಂಗಳು, ಅದೇ ಜಾಗದ ನೀರನ್ನು ತಂದು ಮತ್ತೆ ತೂಗಿ. ನಿಮ್ಮ ಊರಿನ ಗುಡ್ಡ ಎಷ್ಟು ಕರಗುತ್ತಿದೆಯೆಂಬ ಸುಳಿವು ಆ ಕಾಗದದ ಚೂರಿನಲ್ಲಿ ಸಿಕ್ಕೀತು. ಕಡಬದ ಆ ವಿದ್ಯಾರ್ಥಿನಿ ಈಗಾಗಲೇ ಎರಡು ಮಳೆಗಾಲಗಳ ತೂಕವನ್ನು ಬರೆದಿಟ್ಟಿದ್ದಾಳೆ.